ಹರಡಿನ ನೋವಿಗೆ ಸ್ಕ್ಯಾನ್ ನೋಡಿಕೋತ ಇಂಜೆಕ್ಷನ್: ಮಾಡಿಸಬೇಕೋ ಬ್ಯಾಡೋ?

ನಿಮ್ಮ ಅವ್ವಗ ಶುಗರ್ ಐತಿ, ಕಾಲಿನ ಹರಡು ಆರು ತಿಂಗಳಿಂದ ನೋಯಾಕತ್ತೈತಿ, ಸ್ಕ್ಯಾನಿಂಗ್ (ಅಲ್ಟ್ರಾಸೌಂಡ್) ಮಷೀನಿನ್ಯಾಗ ನೋಡಿಕೋತ ಇಂಜೆಕ್ಷನ್ ಕೊಡ್ತೀನಿ ಅಂದಾರ ಡಾಕ್ಟರ್, ಮಾಡಿಸ್ಲೋ ಬ್ಯಾಡೋ ಅಂತ ಕೇಳೀರಿ. ನಾ ಡಾಕ್ಟರ್ ಅಲ್ರೀ, ಮುಧೋಳ ಕಡೆ ಕಬ್ಬಿನ ಟ್ರ್ಯಾಕ್ಟರ್ ಹೊಡಿಯಾಂವ. ಹಂಗಾಮಿನ್ಯಾಗ ಫ್ಯಾಕ್ಟರಿ ಮುಂದ ರಾತ್ರಿಯಿಡೀ ಪಾಳಿ ಹಚ್ಚಿದ್ರ ಎಡಗಾಲು ಕ್ಲಚ್ ಒತ್ತಿ ಒತ್ತಿ ಸೋಲತೈತಿ. ಅದೇ ಕಾಲು ಹಿಂದೊಮ್ಮೆ ಟ್ರೇಲರ್‌ನಿಂದ ಜಿಗಿದಾಗ ಉಳುಕಿತ್ತು.

ನನಗ ಮೊದಲ ಒಂದು ಕಡೆ ಕೈಲೆ ಒತ್ತಿ ನೋಡಿ ಸೂಜಿ ಹಾಕಿದ್ರು. ಫರಕ್ ಬೀಳಲಿಲ್ಲ. ಆಮ್ಯಾಲ ಬಾಗಲಕೋಟಿಯೊಳಗ ಸ್ಕ್ಯಾನ್ ಮಾಡಿದವರು ತೋರಿಸಿದ್ರು: ನೀರು ತುಂಬಿದ್ದು ಕೀಲಿನ್ಯಾಗ ಅಲ್ಲ, ಹೊರಗಿನ ಗಂಟಿನ ಹಿಂದ ಹಾದು ಹೋಗೋ ಸ್ನಾಯುರಜ್ಜಿನ (ಸ್ನಾಯುನ ಎಲುಬಿಗೆ ಕಟ್ಟೋ ಹುರಿ) ಪೊರೆಯೊಳಗ. ಅಂಗೈ ಅಗಲದ ಜಾಗದಾಗ ಒಂದರ ಕೆಳಗೊಂದು ಎರಡು ಕೀಲು, ಸುತ್ತ ನರ, ರಕ್ತನಾಳ. ಸೂಜಿ ಅರ್ಧ ಇಂಚು ತಪ್ಪಿದ್ರೂ ಔಷಧ ದಂಡ. ಪರದೆ ಮ್ಯಾಲ ಸೂಜಿ ಬೆಳ್ಳನ ಗೆರಿ ಹಂಗ ಒಳಗ ಸರಿಯೋದು ನಾನೂ ನೋಡಿದೆ. ಎಕ್ಸ್‌ರೇ ಹಂಗ ವಿಕಿರಣನೂ ಇಲ್ಲ. ಕಾಲು ತೋರಿಸಾಕ ಹೋದ್ರೂ ಗೋಡಿ ಮ್ಯಾಲ ಭ್ರೂಣಲಿಂಗ ಪತ್ತೆ ಮಾಡೋದಿಲ್ಲ ಅನ್ನೋ ಬೋರ್ಡ್. 1994ರ ಕಾಯ್ದೆ ಅಂತ, ನಗು ಬಂತು.

ನಾ ಮಾಡಿದ ತಪ್ಪು ಮಾತ್ರ ನೀವು ಮಾಡಬ್ಯಾಡ್ರಿ. ಇಂಜೆಕ್ಷನ್ನಿನ್ಯಾಗ ಬಾವು ಇಳಿಸೋ ಸ್ಟಿರಾಯ್ಡ್ ಜತಿ ಮರಗಟ್ಟೋ ಔಷಧ ಕೂಡಿಸಿರ್ತಾರ. ಹತ್ತು ನಿಮಿಷದಾಗ ನೋವು ಮಾಯ! ಸಂಜಿಗೇ ಟ್ರ್ಯಾಕ್ಟರ್ ಏರಿದೆ. ಮರಗಟ್ಟೋ ಔಷಧದ ಅಮಲು ಕೆಲವೇ ತಾಸು. ರಾತ್ರಿ ಕಾಲು ಕುಂಬಳಕಾಯಿ ಆತು. ಸ್ಟಿರಾಯ್ಡ್ ಕೆಲಸ ಮಾಡಾಕ ಎರಡು-ಮೂರು ದಿನ, ಕೆಲವರಿಗೆ ವಾರ ಬೇಕು. ಆದ್ರ ಆ ತಾಸುಗಟ್ಟಲೆ ಆರಾಮ ಸುಳ್ಳಲ್ಲ, ಸೂಜಿ ಸರಿ ಜಾಗಕ್ಕ ಬಿತ್ತು ಅನ್ನೋ ಗುರುತು ಅದು.

ಅವ್ವನ ಶುಗರ್ ವಿಷಯ ಮೊದಲೇ ಹೇಳ್ರಿ. ಸ್ಟಿರಾಯ್ಡ್ ಬಿದ್ದ ಮ್ಯಾಲ ಕೆಲವು ದಿನ ಶುಗರ್ ಏರತೈತಿ, ವಾರದ ತನಕ ದಿನಾ ಚೆಕ್ ಮಾಡ್ರಿ. ರಕ್ತ ತೆಳು ಮಾಡೋ ಗುಳಿಗಿ ತಗೋತಿದ್ರ ಅದನ್ನೂ ಹೇಳ್ರಿ. ಯಾವ ಔಷಧ, ಯಾವ ಜಾಗಕ್ಕ ಅಂತ ಬಾಯಿ ಬಿಟ್ಟು ಕೇಳ್ರಿ. ಅಕಿಲಿಸ್ ಅಂತಾರಲ್ಲ, ಹಿಮ್ಮಡದ ಹಿಂದಿನ ದಪ್ಪ ಹುರಿ, ಅದರೊಳಗ ಸ್ಟಿರಾಯ್ಡ್ ಅಂದ್ರ ನಾನಂತೂ ಒಪ್ಪೂದಿಲ್ಲ. ಹರಿಯೋ ಭಯ ಇರತೈತಿ. ಸೂಜಿ ಆದ ಮ್ಯಾಲ ಜ್ವರ ಬಂದ್ರ, ಕಾಲು ಕೆಂಪಾಗಿ ನೋವು ಏರ್ತಾ ಹೋದ್ರ ತಡಾ ಮಾಡದ ತೋರಿಸ್ರಿ.

ನನಗ ಇಂಜೆಕ್ಷನ್ನಿನ ಆರಾಮ ಐದು ತಿಂಗಳು ನಡೀತು, ಹಂಗಾಮು ದಾಟಿತು. ನಡುವ ಹೇಳಿಕೊಟ್ಟ ವ್ಯಾಯಾಮನೂ ಮಾಡಿದೆ, ಅದನ್ನ ಬಿಟ್ಟಾಗ ಮತ್ತ ಜುಮ್ ಅಂತೈತಿ. ಕೀಲು ಸವೆದಿದ್ರ ಇಂಜೆಕ್ಷನ್ ಅದನ್ನ ಹೊಸದು ಮಾಡೂದಿಲ್ಲ. ಆದ್ರೂ ಶುಗರ್ ಹತೋಟಿಯಾಗ ಇದ್ರ ನಾನಾದ್ರ ಮಾಡಿಸ್ತಿದ್ದೆ. ಬರುವಾಗ ಬೈಕ್ ಬ್ಯಾಡ, ಆಟೋ ಮಾಡಿಕೊಂಡು ಕರ್ಕೊಂಡು ಬರ್ರಿ.