ಕ್ರೋಮ್ ಟ್ಯಾಂಕ್ ಪಕ್ಕ ಕೆಲಸಕ್ಕೆ ಬರುವ ತಮ್ಮನಿಗೆ

ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ಪೀಣ್ಯದಲ್ಲಿ ಲೋಹದ ಸಾಮಾನಿಗೆ ಕರೆಂಟಿನಿಂದ ಕ್ರೋಮ್, ನಿಕ್ಕಲ್ ಲೇಪ ಹಾಕುವ ಪ್ಲೇಟಿಂಗ್ ಯೂನಿಟ್‌ನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೀಯ. ಈಗ ಫ್ರಾಂಕ್‌ಫರ್ಟ್ ಹತ್ತಿರ ಒಂದು ಹಾರ್ಡ್ ಕ್ರೋಮ್ (ಗಟ್ಟಿ ಕ್ರೋಮ್ ಲೇಪದ) ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. "ಅಣ್ಣಾ, ಕ್ರೋಮ್‌ನಿಂದ ಕ್ಯಾನ್ಸರ್ ಬರುತ್ತೆ ಅಂತಾರೆ, ಜರ್ಮನಿಯಲ್ಲಿ ಕಾನೂನು ಬಿಗಿ ಅಂತಲೂ ಅಂತಾರೆ, ಬರಲಾ ಬೇಡವಾ?" ಎಂದು ಕೇಳಿದ್ದೀಯ. ನಾನು ಇಲ್ಲಿಗೆ ಬಂದು 21 ವರ್ಷ ಆಯಿತು. ಮೊದಲ ಆರು ವರ್ಷ ಇಂಥದ್ದೇ ಟ್ಯಾಂಕ್ ಪಕ್ಕ ನಿಂತಿದ್ದೆ. ಬಾ ಎಂದೇ ಹೇಳುತ್ತೇನೆ. ಆದರೆ ಕಾನೂನು ಇದೆ ಅಂತ ಕಣ್ಣು ಮುಚ್ಚಿಕೊಂಡು ಬರಬೇಡ.

ಮೊದಲು ಆ ಭಯದ ಮಾತು. ಅದು ಸುಳ್ಳಲ್ಲ. ಟ್ಯಾಂಕ್‌ನಲ್ಲಿರುವ ಕ್ರೋಮಿಯಂ ಸಿಕ್ಸ್ (ಕ್ರೋಮಿಯಂನ ವಿಷಕಾರಿ ರೂಪ) ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲದು ಎಂಬುದು ಖಚಿತ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ. ಮುಖ್ಯವಾಗಿ ಹೊಡೆತ ಶ್ವಾಸಕೋಶಕ್ಕೆ. ಕರೆಂಟ್ ಕೊಟ್ಟಾಗ ಗುಳ್ಳೆ ಏಳುತ್ತವಲ್ಲ, ಒಂದೊಂದು ಗುಳ್ಳೆ ಒಡೆದಾಗಲೂ ಆಸಿಡ್‌ನ ಸಣ್ಣ ಹನಿಗಳು ಗಾಳಿಗೆ ಹಾರುತ್ತವೆ. ಆ ಮಂಜು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಅದರಲ್ಲಿರುವ ಕ್ರೋಮಿಯಂ ಸಿಕ್ಸ್ ನೋಡಲು ದೇಹಕ್ಕೆ ಬೇಕಾದ ಸಲ್ಫೇಟ್ ಥರ ಇರುವುದರಿಂದ ನಮ್ಮ ಜೀವಕೋಶ ಅದನ್ನು ತಡೆಯುವುದೇ ಇಲ್ಲ. ಒಳಗೆ ಸೇರಿ ಅದು ಕ್ರೋಮಿಯಂ ತ್ರೀ ಆಗಿ ಬದಲಾಗುವಾಗ ಡಿಎನ್‌ಎ ಕೆಡುತ್ತದೆ. (ಮನೆಯ ನಲ್ಲಿಯ ಮೇಲೆ ಹೊಳೆಯುವ ಕ್ರೋಮ್ ಬರೀ ಲೋಹ. ಅದಕ್ಕೆ ಹೆದರಬೇಡ.)

ಪೀಣ್ಯದಲ್ಲಿ ನಿನಗೆ ಆಗಾಗ ಮೂಗಿನಿಂದ ರಕ್ತ ಬರುತ್ತಿತ್ತು, ಸೂಪರ್‌ವೈಸರ್ "ಉಷ್ಣ ಕಣೋ, ಎಳನೀರು ಕುಡಿ" ಎಂದರು ಎಂದು ಬರೆದಿದ್ದೀಯ. ಅದನ್ನು ಓದಿ ಹೊಟ್ಟೆ ಉರಿಯಿತು. ಕ್ರೋಮ್ ಮಂಜು ಮೂಗಿನ ಹೊಳ್ಳೆಗಳ ನಡುವಿನ ಗೋಡೆಯನ್ನು ತಿನ್ನುತ್ತದೆ, ತೂತೂ ಮಾಡುತ್ತದೆ. ಕೈ ಮೇಲೆ ಬೇಗ ವಾಸಿಯಾಗದ ಗುಂಡಿಯಂಥ ಹುಣ್ಣು ಆಗುತ್ತದೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲೇ ಕ್ರೋಮ್ ಹುಣ್ಣನ್ನು ಸರ್ಕಾರಕ್ಕೆ ತಿಳಿಸಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದ್ದರು. ಹೊರಡುವ ಮೊದಲು ಒಬ್ಬ ಇಎನ್‌ಟಿ ಡಾಕ್ಟರಿಗೆ ಮೂಗು ತೋರಿಸು. ಏನು ಕೆಲಸ ಮಾಡುತ್ತಿದ್ದೆ ಎಂದು ಚೀಟಿಯಲ್ಲಿ ಬರೆಸಿಕೋ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇಲ್ಲಿ ಕಾನೂನು ಬಿಗಿ ಅನ್ನುವುದು ನಿಜ. ಒಂದು ಘನ ಮೀಟರ್ ಗಾಳಿಯಲ್ಲಿ ಕ್ರೋಮಿಯಂ ಸಿಕ್ಸ್ ಎಷ್ಟಿರಬಹುದು ಎಂದು ನೋಡಿದರೆ, ಜರ್ಮನಿಯ ನಿಯಮದ ಮಟ್ಟ 1 ಮೈಕ್ರೋಗ್ರಾಂ. ಯುರೋಪಿನ ಮಿತಿ 2025ರ ಜನವರಿಯಿಂದ 5. ನಮ್ಮ ಆ ಕಾರ್ಖಾನೆ ಕಾಯ್ದೆಯಲ್ಲಿ 50 ಇತ್ತು. ಆದರೆ ಕಾಗದದ ಮೇಲಿನ ಅಂಕಿ ಟ್ಯಾಂಕ್ ಪಕ್ಕದ ಗಾಳಿಗೆ ಗೊತ್ತಿರುವುದಿಲ್ಲ. ನಾನಿದ್ದ ಕಡೆ ಒಮ್ಮೆ ಮಂಜನ್ನು ಎಳೆದುಕೊಳ್ಳುವ ಟ್ಯಾಂಕ್ ಅಂಚಿನ ಹೀರುಗಾಳಿ ಯಂತ್ರ ಎರಡು ವಾರ ಕೆಟ್ಟು ನಿಂತಿತ್ತು. ಕೆಲಸ ನಿಲ್ಲಲಿಲ್ಲ. ವೀಸಾ ಆ ಕೆಲಸಕ್ಕೇ ಕಟ್ಟಿಹಾಕಿದಂತಿತ್ತು, ನಾನು ಬಾಯಿ ಬಿಡಲಿಲ್ಲ. ಇವತ್ತಿಗೂ ಅದಕ್ಕೆ ನನಗೆ ಬೇಸರವಿದೆ.

ಸೇರಿದ ಮೊದಲ ವಾರವೇ ಮೂರು ಪುಟದ ಜರ್ಮನ್ ಕಾಗದ ಮುಂದಿಟ್ಟಿದ್ದರು. ಒಂದಕ್ಷರ ಅರ್ಥ ಆಗಲಿಲ್ಲ, ಸುಮ್ನೆ ಸಹಿ ಹಾಕಿದೆ. ಅದಕ್ಕೆ ಉಂಟರ್‌ವೈಸುಂಗ್ ಅನ್ನುತ್ತಾರೆ. ಇಲ್ಲಿ ಏನು ಅಪಾಯ, ಹೇಗೆ ಕಾಪಾಡಿಕೊಳ್ಳಬೇಕು ಎಂದು ಕೆಲಸಕ್ಕೆ ಮೊದಲು ಮತ್ತು ಆಮೇಲೆ ವರ್ಷಕ್ಕೊಮ್ಮೆ ಹೇಳಲೇಬೇಕು, ಅದೂ ನಿನಗೆ ಅರ್ಥವಾಗುವ ಭಾಷೆಯಲ್ಲಿ. ಅರ್ಥವಾಗದೆ ಸಹಿ ಹಾಕಬೇಡ. ಇಂಗ್ಲಿಷಿನಲ್ಲಿ ಹೇಳಿ ಎಂದು ಕೇಳು. ಅದು ನಿನ್ನ ಹಕ್ಕು.

ಕಾರ್ಖಾನೆಯ ಡಾಕ್ಟರ್ ಹತ್ತಿರ ಏನನ್ನೂ ಮುಚ್ಚಿಡಬೇಡ. ನೀನು ಹೇಳಿದ್ದನ್ನು ಅವರು ಮಾಲೀಕರಿಗೆ ಹೇಳುವಂತಿಲ್ಲ. ತಪಾಸಣೆಗೆ ಬಂದಿದ್ದೆ ಎನ್ನುವ ಚೀಟಿ ಅಷ್ಟೇ ಮಾಲೀಕರಿಗೆ ಹೋಗುತ್ತದೆ. ಶಿಫ್ಟ್ ಮುಗಿದ ಮೇಲೆ ಮೂತ್ರದಲ್ಲಿ ಕ್ರೋಮಿಯಂ ಎಷ್ಟಿದೆ ಎಂದು ನೋಡಲು ಬರುತ್ತದೆ, ಕೇಳು. ಕೆಲಸದ ಬಟ್ಟೆ ಮನೆಗೆ ತರಬೇಡ. ಸಿಗರೇಟು ಸೇದುತ್ತೀಯಾದರೆ ಬಿಟ್ಟುಬಿಡು ತಮ್ಮಾ, ಎರಡೂ ಒಂದೇ ಶ್ವಾಸಕೋಶಕ್ಕೆ ಹೋಗುವುದು.

ಈಗ ಆ ಇಎನ್‌ಟಿ ಚೀಟಿಯ ವಿಷಯ, ಅದರಲ್ಲಿ ನಿನ್ನ ಕೆಲಸ ಯಾಕೆ ಬರೆಸಬೇಕು ಅಂತ. ನೀನು ಬರುವ ಈ ಫ್ರಾಂಕ್‌ಫರ್ಟಿನಲ್ಲೇ ಲುಡ್ವಿಗ್ ರೇನ್ ಎಂಬ ಸರ್ಜನ್ ಇದ್ದರು. 1896ರಲ್ಲಿ ಇರಿತಕ್ಕೊಳಗಾದ ಹೃದಯಕ್ಕೆ ಹೊಲಿಗೆ ಹಾಕಿ ಹೆಸರಾದವರು. ಅದಕ್ಕೂ ಒಂದು ವರ್ಷ ಮೊದಲು, 1895ರಲ್ಲಿ, ಅವರು ಇನ್ನೊಂದು ಸಂಗತಿ ಹೇಳಿದ್ದರು. ಫುಕ್ಸಿನ್ ಎಂಬ ಬಣ್ಣ ತಯಾರಿಸುತ್ತಿದ್ದ 45 ಜನರಲ್ಲಿ ಮೂವರಿಗೆ ಮೂತ್ರಕೋಶದಲ್ಲಿ ಗಡ್ಡೆ. ಗಡ್ಡೆ ನೋಡಿದ ಡಾಕ್ಟರು ಬೇಕಾದಷ್ಟಿದ್ದರು. ಈ ಮೂವರ ಕೆಲಸವೂ ಒಂದೇ ಎಂದು ಗಮನಿಸಿದ್ದು ರೇನ್. ಅಲ್ಲಿಂದಲೇ ಈ ರೋಗಕ್ಕೂ ಬಣ್ಣದ ಕಾರ್ಖಾನೆಗೂ ನಂಟು ಗೊತ್ತಾಗುತ್ತಾ ಹೋಯಿತು.

ಕೆಲಸದಿಂದ ಬರುವ ಕ್ಯಾನ್ಸರ್ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು ವರ್ಷ ಹಿಡಿಯಬಹುದು. ಅಷ್ಟರಲ್ಲಿ ಕಾರ್ಖಾನೆ ಮುಚ್ಚಿರುತ್ತದೆ, ನೀನು ಊರು ಬದಲಿಸಿರುತ್ತೀಯ. ನನ್ನ ಜೊತೆಗಿದ್ದ ಟರ್ಕಿಯ ಹಿರಿಯರೊಬ್ಬರು ಎಲ್ಲ ಸಂಬಳ ಚೀಟಿಗಳನ್ನೂ ಬಿಸ್ಕತ್ತು ಡಬ್ಬಿಯಲ್ಲಿ ಇಡುತ್ತಿದ್ದರು. ನಿವೃತ್ತಿಯಾದ ಮೇಲೆ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಇದು ಕೆಲಸದಿಂದ ಬಂದಿರಬಹುದು ಎಂದು ಅನುಮಾನ ಬಂದರೆ ಇಲ್ಲಿ ಡಾಕ್ಟರ್ ತಿಳಿಸಲೇಬೇಕು, ತಿಳಿಸಿದರು. ಯಾವ ವರ್ಷ, ಯಾವ ಟ್ಯಾಂಕ್ ಎಂದು ಬೆರೂಫ್ಸ್‌ಗೆನೊಸ್ಸೆನ್‌ಶಾಫ್ಟ್‌ನವರು ಕೇಳಿದಾಗ ಡಬ್ಬಿ ತೆರೆದಿಟ್ಟರು. ಬೆರೂಫ್ಸ್‌ಗೆನೊಸ್ಸೆನ್‌ಶಾಫ್ಟ್ ಅಂದರೆ ಮಾಲೀಕರ ದುಡ್ಡಿನಿಂದ ನಡೆಯುವ ಅಪಘಾತ ವಿಮೆ. ಚಿಕಿತ್ಸೆಯನ್ನೂ ಪಿಂಚಣಿಯನ್ನೂ ಅದೇ ಕೊಟ್ಟಿತು.

ಇಂಥ ವಸ್ತುಗಳ ಜೊತೆ ಕೆಲಸ ಮಾಡಿ ಅಪಾಯಕ್ಕೆ ಒಡ್ಡಿಕೊಂಡವರ ದಾಖಲೆಯನ್ನು ಇಲ್ಲಿ 40 ವರ್ಷ ಇಡಬೇಕು. ಕೆಲಸ ಬಿಡುವಾಗ ನಿನ್ನ ಭಾಗದ ಪ್ರತಿ ನಿನಗೆ ಕೊಡಬೇಕು. ಕೊಡದಿದ್ದರೆ ಕೇಳಿ ತೆಗೆದುಕೋ. ಪೀಣ್ಯದ ನಾಲ್ಕು ವರ್ಷಕ್ಕೆ ಅಂಥ ದಾಖಲೆ ಸಿಗುವುದು ಕಷ್ಟ. ಅದಕ್ಕೇ ಈಗಲೇ ನೀನೇ ಬರೆದಿಡು: ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಕ್ರೋಮ್ ಟ್ಯಾಂಕೋ ನಿಕ್ಕಲ್ ಟ್ಯಾಂಕೋ, ಹೀರುಗಾಳಿ ಇತ್ತೋ ಇಲ್ಲವೋ. ಇಎಸ್‌ಐ ಕಾರ್ಡು, ಸಂಬಳ ಚೀಟಿ, ಆ ಇಎನ್‌ಟಿ ಚೀಟಿ, ಎಲ್ಲವನ್ನೂ ಚಟ್ನಿಪುಡಿಗಿಂತ ಮೊದಲು ಸೂಟ್‌ಕೇಸಿಗೆ ಹಾಕು.

ಬಂದ ಮೇಲೆ ಮೊದಲ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಾ. ಆ ಉಂಟರ್‌ವೈಸುಂಗ್ ಕಾಗದದ ಫೋಟೋ ತಗೊಂಡು ಬಾ, ಇಬ್ಬರೂ ಕೂತು ಸಾಲು ಸಾಲಾಗಿ ಓದೋಣ.