ಮನೆಗೆ ಇಂಟರ್ನೆಟ್: ಕೇಬಲ್ ಎಳೆಸೋದಾ, ಗಾಳಿಯಲ್ಲೇ ಹಿಡಿಯೋದಾ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ತೋಟದ ಮನೆ. ಮಗಳು ಬೆಂಗಳೂರಿನ ಕಂಪನಿಗೆ ಇಲ್ಲಿಂದಲೇ ಕೆಲಸ ಮಾಡುತ್ತಾಳೆ. ಊರಿನ ಕೇಬಲ್‌ನವರು ಫೈಬರ್ ಕೊಡುತ್ತೇವೆ, ಆದರೆ ರಸ್ತೆಯಿಂದ 1 ಕಿ.ಮೀ. ಎಳೆಯಬೇಕು ಎನ್ನುತ್ತಾರೆ. ಇನ್ನೊಬ್ಬ ಏಜೆಂಟ್ ‘ಏರ್‌ಫೈಬರ್ ಹಾಕಿಸಿ, ನಾಳೆಯೇ ಬಂದು ಕೂರಿಸ್ತೀವಿ’ ಎನ್ನುತ್ತಾನೆ. ಯಾವುದು ಒಳ್ಳೆಯದು?

ಉತ್ತರ: ಮೊದಲು ಹೆಸರಿನ ಗೊಂದಲ. ಏರ್‌ಫೈಬರ್ ಅಂದರೂ ನಿಮ್ಮ ಮನೆಗೆ ಫೈಬರ್ ಬರುವುದಿಲ್ಲ. ಮಾಡಿನ ಮೇಲೆ ಒಂದು ಡಬ್ಬಿ ಕೂರಿಸುತ್ತಾರೆ. ಸಾಮಾನ್ಯವಾಗಿ ಅದು ಟವರ್‌ನಿಂದ 5ಜಿ ಹಿಡಿದು ಒಳಗಿನ ವೈಫೈ ರೂಟರ್‌ಗೆ ಕೊಡುತ್ತದೆ. ಏರ್‌ಟೆಲ್, ಜಿಯೋ ಎರಡೂ 2023ರಲ್ಲಿ ಇದನ್ನು ಶುರುಮಾಡಿದವು. ಕೆಟ್ಟದ್ದೇನಲ್ಲ. ಆದರೆ ಆ ಟವರ್ ನಿಮಗೊಬ್ಬರಿಗೇ ಅಲ್ಲ, ಸುತ್ತಲಿನ ಎಲ್ಲರ ಮೊಬೈಲ್‌ಗೂ ಅದೇ.

ಹಾಗಾಗಿ ಪ್ಲಾನ್‌ನಲ್ಲಿ ಬರೆದ 100 ಎಂಬಿಪಿಎಸ್ ನೋಡಿ ತೀರ್ಮಾನ ಮಾಡಬೇಡಿ. ಆ ಕಂಪನಿಯ ಸಿಮ್ ಇರುವ 5ಜಿ ಫೋನ್ ಯಾರದ್ದಾದರೂ ಕೇಳಿ ತನ್ನಿ. ಡಬ್ಬಿ ಕೂರಿಸುವ ಜಾಗದಲ್ಲೇ ನಿಂತು ಸ್ಪೀಡ್ ಟೆಸ್ಟ್ ಮಾಡಿ. ಬೆಳಗ್ಗೆ ಹನ್ನೊಂದಕ್ಕೆ ಮಾಡಿದರೆ ಸುಮ್ನೆ ಖುಷಿಪಡಬಹುದು ಅಷ್ಟೆ. ಮಗಳು ಮೀಟಿಂಗ್‌ನಲ್ಲಿರುವ ಹೊತ್ತಿನಲ್ಲಿ ಒಮ್ಮೆ, ರಾತ್ರಿ ಎಂಟೂವರೆಗೆ ಊರೆಲ್ಲ ಫೋನ್ ಹಿಡಿದಾಗ ಒಮ್ಮೆ ಮಾಡಿ. ಡೌನ್‌ಲೋಡ್ ಜೊತೆ ಅಪ್‌ಲೋಡ್, ಪಿಂಗ್ (ಆ ಕಡೆಯಿಂದ ಉತ್ತರ ಬರಲು ಹಿಡಿಯುವ ಹೊತ್ತು) ಕೂಡ ಬರೆದಿಟ್ಟುಕೊಳ್ಳಿ. ವಿಡಿಯೋ ಕಾಲ್‌ಗೆ 4–5 ಎಂಬಿಪಿಎಸ್ ಸಾಕು, ಆದರೆ ಅದು ಅಲುಗಾಡದೆ ನಿಲ್ಲಬೇಕು. ಮನೆಗೂ ಟವರ್‌ಗೂ ನಡುವೆ ಗುಡ್ಡ ಇದ್ದರೆ ಕಷ್ಟ. 5ಜಿಯಲ್ಲಿ ಹೆಚ್ಚು ಬಳಸುವ 3.5 ಗಿಗಾಹರ್ಟ್ಜ್ ಅಲೆಗೆ ಗುಡ್ಡ ದಾಟುವ ಶಕ್ತಿ ಇಲ್ಲ. ಮಳೆಗೆ ಅದು ಅಷ್ಟಾಗಿ ಹೆದರುವುದಿಲ್ಲ. ಒದ್ದೆಯಾದ ಎಲೆಗಳ ದಟ್ಟಣೆಗೆ ಮಾತ್ರ ಸೊರಗುತ್ತದೆ. ಬೇಸಿಗೆಯ ಟೆಸ್ಟ್ ನಂಬಿ ಹಾಕಿಸಿದವರಿಗೆ ಜುಲೈನಲ್ಲಿ ಗೊತ್ತಾಗುವ ವಿಷಯ ಇದು.

ಈಗ ಫೈಬರ್. ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆ. ನಮ್ಮ ಮಲೆನಾಡಿನಲ್ಲಿ ಇದರ ದೊಡ್ಡ ಲಾಭ ಸ್ಪೀಡ್ ಅಲ್ಲ, ಸಿಡಿಲು! ಹಳೇ ಲ್ಯಾಂಡ್‌ಲೈನ್ ಕಾಲದಲ್ಲಿ ಏಪ್ರಿಲ್–ಮೇ ಬಂತೆಂದರೆ ತಾಮ್ರದ ತಂತಿಯಲ್ಲಿ ಸಿಡಿಲು ಹರಿದು ಮೋಡೆಮ್ ಸುಟ್ಟುಹೋಗುತ್ತಿದ್ದದ್ದು ನೆನಪಿದೆಯಲ್ವಾ? ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕೇಬಲ್ ಜೊತೆ ಕಬ್ಬಿಣದ ತಂತಿ ಇದ್ದರೆ ಅದನ್ನು ಮನೆಯ ಹೊರಗೇ ನಿಲ್ಲಿಸಲು ಹೇಳಿ. ಸಿಡಿಲಿನ ಹೊತ್ತಿಗೆ ಕರೆಂಟಿನ ಪ್ಲಗ್ ಕಿತ್ತಿಡುವುದು ಹೇಗೂ ತಪ್ಪುವುದಿಲ್ಲ. ಮಾಡಿನ ಮೇಲಿನ 5ಜಿ ಡಬ್ಬಿಗೆ ತಾಮ್ರದ ಕೇಬಲ್ಲೇ ಹೋಗುತ್ತದೆ ಎಂಬುದೂ ತಲೆಯಲ್ಲಿರಲಿ.

ಫೈಬರ್‌ನ ತೊಂದರೆ ಆ ಒಂದು ಕಿಲೋಮೀಟರ್. ಕೇಬಲ್ ಅಡಿಕೆ ಮರದಿಂದ ಸಿಲ್ವರ್ ಓಕ್‌ಗೆ, ಅಲ್ಲಿಂದ ಕರೆಂಟ್ ಕಂಬಕ್ಕೆ ತೂಗಾಡುತ್ತಾ ಬರುತ್ತದೆ. ನನ್ನ ಅಮ್ಮನ ಮನೆಯಲ್ಲಿ ಒಂದು ಮಳೆಗಾಲ ಹೆಡಲು ಬಿದ್ದು ತುಂಡಾಗಿ, ಐದು ದಿನ ಇಂಟರ್ನೆಟ್ ಇರಲಿಲ್ಲ. ಇದನ್ನು ಟೇಪ್ ಸುತ್ತಿ ಜೋಡಿಸಲಾಗದು. ಕೂದಲೆಳೆಯಂಥ ಗಾಜನ್ನು ಬೆಸೆಯುವ ಮೆಷಿನ್ ಬೇಕು. ಅದು ಇದ್ದ ಹುಡುಗ ಒಬ್ಬನೇ, ಅವನಿಗೆ ಜ್ವರ.

ಆದ್ದರಿಂದ ಕೇಬಲ್‌ನವರನ್ನು ಕೇಳಬೇಕಾದ್ದು ಇವು: ಬೆಸೆಯುವ ಮೆಷಿನ್ ನಿಮ್ಮದೇ ಇದೆಯಾ? ನಿಮ್ಮ ಅಂಗಡಿಯ ಉಪಕರಣಕ್ಕೆ ಇನ್ವರ್ಟರ್ ಇದೆಯಾ? ನಮ್ಮ ಮನೆಯಲ್ಲಿ ಸಿಗ್ನಲ್ ಎಷ್ಟು ಡಿಬಿಎಂ (ಫೈಬರ್‌ನಲ್ಲಿ ಬರುವ ಬೆಳಕಿನ ಬಲದ ಅಳತೆ)? ಮೈನಸ್ 25ಕ್ಕಿಂತ ಚೆನ್ನಾಗಿರಲಿ, ಅಂದರೆ ಮೈನಸ್ 20 ಬಂದರೆ ಸಂತೋಷ. ಮೈನಸ್ 27ರ ಆಸುಪಾಸಿನಲ್ಲಿ ಲೈನ್ ಆಗಾಗ ಕೈಕೊಡುತ್ತದೆ. ಕಳೆದ ಮಳೆಗಾಲದಲ್ಲಿ ಎಷ್ಟು ದಿನ ಹೋಗಿತ್ತು ಅನ್ನುವುದನ್ನು ಅವರಲ್ಲ, ಪಕ್ಕದ ಮನೆಯವರನ್ನು ಕೇಳಿ.

ಪಕ್ಕದ ಮನೆಯವರು ‘ಒಂದೆರಡು ದಿನದಲ್ಲಿ ಸರಿಮಾಡ್ತಾರೆ’ ಅಂದರೆ ಕಣ್ಣುಮುಚ್ಚಿ ಫೈಬರ್ ಹಾಕಿಸಿ. ತುಂಡಾದ ದಿನಕ್ಕೆ ಮೊಬೈಲ್ ಹಾಟ್‌ಸ್ಪಾಟ್ ಇದ್ದೇ ಇದೆ. ‘ವಾರ ಆಗುತ್ತೆ’ ಅಂದರೆ, ರಾತ್ರಿಯ ಟೆಸ್ಟ್ ಚೆನ್ನಾಗಿದ್ದಲ್ಲಿ ಏರ್‌ಫೈಬರ್. ಅದರಲ್ಲಿ ತಿಂಗಳ ಡೇಟಾ ಸಾಮಾನ್ಯವಾಗಿ 1 ಟಿಬಿ, ದಿನಕ್ಕೆ 33 ಜಿಬಿ ಬಿತ್ತು. ಆಫೀಸ್ ಕೆಲಸಕ್ಕೆ ಧಾರಾಳ. ಯಾವುದೇ ಇರಲಿ, ಅದರ ಅಡಾಪ್ಟರ್‌ಗೆ ಹೊಂದುವ ಪುಟ್ಟ ಯುಪಿಎಸ್ ತನ್ನಿ. ವೋಲ್ಟ್, ಆಂಪ್ ಎಷ್ಟು ಬೇಕೆಂದು ಅಡಾಪ್ಟರ್ ಮೇಲೆ ಬರೆದಿರುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆ. 11 ತಿಂಗಳ ಅಗ್ರಿಮೆಂಟ್. ಓನರ್ ಗೋಡೆಗೆ ತೂತು ಕೊರೆಯಲು ಬಿಡುವುದಿಲ್ಲ.

ಉತ್ತರ: ಹಿಂದಿನ ಬಾಡಿಗೆದಾರರ ಫೈಬರ್ ಕಿಟಕಿ ಹತ್ತಿರ ಸುತ್ತಿಟ್ಟಿದೆಯಾ ನೋಡಿ. ಬಹಳ ಮನೆಗಳಲ್ಲಿ ಇರುತ್ತದೆ. ಅದೇ ಕಂಪನಿಯವರನ್ನು ಕರೆದರೆ ತೂತಿನ ಮಾತೇ ಬರುವುದಿಲ್ಲ. ಇಲ್ಲದಿದ್ದರೆ ಏರ್‌ಫೈಬರ್‌ನಂಥ ವೈರ್‌ಲೆಸ್ ನಿಮಗೆ ಸರಿ. ಆದರೆ ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಇನ್‌ಸ್ಟಲೇಷನ್ ಫ್ರೀ ಎಂಬ ಆಸೆಗೆ ಬೀಳಬೇಡಿ. 11 ತಿಂಗಳಿಗೆ ಮನೆ ಬದಲಿಸುವವರು 12 ತಿಂಗಳಿಗೆ ಯಾಕೆ ಕಟ್ಟಬೇಕು? ಹೊಸ ಏರಿಯಾದಲ್ಲಿ ಅವರ 5ಜಿ ಹೇಗಿರುತ್ತದೋ. ಜಾಹೀರಾತಿನ ಬೆಲೆಗೆ 18% ಜಿಎಸ್‌ಟಿ ಸೇರಿಸಿಯೇ ಲೆಕ್ಕ ಹಾಕಿ.

ಪ್ರಶ್ನೆ: ಮಂಗಳೂರಿನಲ್ಲಿ 300 ಎಂಬಿಪಿಎಸ್ ಫೈಬರ್ ಇದೆ. ಹಿಂದಿನ ಕೋಣೆಯಲ್ಲಿ 20 ಕೂಡ ಬರುವುದಿಲ್ಲ. ವೈರ್‌ಲೆಸ್‌ಗೆ ಬದಲಿಸಲೇ?

ಉತ್ತರ: ಬೇಡ. ರೂಟರ್ ಪಕ್ಕದಲ್ಲಿ ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಚುಚ್ಚಿ ನೋಡಿ. ಅಲ್ಲಿ 280–300 ಬಂದರೆ ಕಂಪನಿಯ ತಪ್ಪಿಲ್ಲ, ನಿಮ್ಮ ಕೆಂಪುಕಲ್ಲಿನ ಗೋಡೆಯದ್ದು. ಸರಿಯಾಗಿ 94–95ಕ್ಕೆ ನಿಂತರೆ ಕೇಬಲ್ ಅಥವಾ ಪೋರ್ಟ್ ಹಳೆಯದು, 100ರ ಮಿತಿಯದ್ದು. ರೂಟರ್‌ನ 5 ಗಿಗಾಹರ್ಟ್ಜ್ ವೈಫೈ ಜೋರು, ಆದರೆ ದಪ್ಪ ಗೋಡೆ ದಾಟದು. 2.4 ದಾಟುತ್ತದೆ, ಆದರೆ ನಿಧಾನ. (ಇದಕ್ಕೂ ಮೊಬೈಲಿನ 5ಜಿಗೂ ಸಂಬಂಧವಿಲ್ಲ!) ವೈರ್‌ಲೆಸ್ ಹಾಕಿಸಿದರೂ ಮನೆಯೊಳಗೆ ಓಡುವುದು ಇದೇ ವೈಫೈ, ಅದೇ ಗೋಡೆ. ಹಿಂದಿನ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆಸಿ, ಅಲ್ಲೊಂದು ಸಣ್ಣ ರೂಟರ್ ಇಡಿ. ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ.