ಕಾಕ್‌ಪಿಟ್ ಪರದೆಯಲ್ಲಿ ಬೆರಳಿಗೆ ಸಿಗಬೇಕಾದ ತಡೆ

ಪ್ರಶ್ನೆ: ಮಾನ್ಯರೇ, ಬೀದರ ವಾಯುನೆಲೆಯ ಹಾಕ್ ತರಬೇತಿ ಜೆಟ್‌ಗಳು ನಮ್ಮ ಮನೆಯ ಮೇಲೆಯೇ ಹಾದುಹೋಗುತ್ತವೆ. ಹೊಸ ವಿಮಾನಗಳ ಕಾಕ್‌ಪಿಟ್‌ನಲ್ಲಿ ಗುಂಡಿಗಳ ಬದಲು ಟಚ್‌ಸ್ಕ್ರೀನ್ ಬರುತ್ತಿವೆ ಎಂದು ಓದಿದ್ದೇನೆ. ನನ್ನ ಮೊಬೈಲಿನಲ್ಲಿ ಅಕ್ಷರ ಒತ್ತಿದಾಗ ಸಣ್ಣ ಕಂಪನವಾಗುತ್ತದೆ. ಪೈಲಟ್‌ಗೂ ಅಷ್ಟೇ ಸಾಕಲ್ಲವೇ? ‘ಹ್ಯಾಪ್ಟಿಕ್ ಫೋರ್ಸ್ ಫೀಡ್‌ಬ್ಯಾಕ್’ ಎಂಬ ಬೇರೆ ಏರ್ಪಾಡು ಏಕೆ ಬೇಕು?
– ಪಾಲಿಟೆಕ್ನಿಕ್ ವಿದ್ಯಾರ್ಥಿನಿ, ಬೀದರ

ಉತ್ತರ: ಅಷ್ಟೇ ಸಾಲದು. ಮೊಬೈಲಿನ ಕಂಪನವು ನೀವು ಒತ್ತಿದ ಮೇಲೆ ಬರುವ ಸುದ್ದಿ. ಬಲದ ಮರುಸ್ಪಂದನೆ, ಅಂದರೆ ನೀವು ಕೇಳಿದ ‘ಫೋರ್ಸ್ ಫೀಡ್‌ಬ್ಯಾಕ್’ ಆದರೋ, ಒತ್ತುವುದಕ್ಕೆ ಮುನ್ನವೇ ಕೈಗೆ ಸಿಗುವ ತಡೆ. ಮನೆಯ ಹಳೆಯ ಫ್ಯಾನ್ ರೆಗ್ಯುಲೇಟರನ್ನು ಕತ್ತಲಲ್ಲಿ ತಿರುಗಿಸಿ ನೋಡಿ. ಒಂದೊಂದು ಹಂತಕ್ಕೂ ಅದು ಸ್ವಲ್ಪ ಬಿಗಿಯಾಗಿ, ಬಳಿಕ ‘ಕಟಕ್’ ಎಂದು ಕುಳಿತುಕೊಳ್ಳುವುದರಿಂದ, ದೀಪ ಹಾಕದೆಯೇ ಮೂರನೆಯ ಹಂತಕ್ಕೆ ಬಂದೆನೆಂದು ಬೆರಳಿಗೆ ತಿಳಿಯುತ್ತದೆ. ನುಣುಪಾದ ಗಾಜಿಗೆ ಈ ಗುಣವಿಲ್ಲ. ಆದ್ದರಿಂದ ಗಾಜನ್ನು ಮುಟ್ಟುವ ಪೈಲಟ್ ತನ್ನ ಬೆರಳು ಎಲ್ಲಿದೆ ಎಂಬುದನ್ನು ಪ್ರತಿ ಸಲವೂ ಕಣ್ಣಿನಿಂದಲೇ ಖಚಿತಪಡಿಸಿಕೊಳ್ಳಬೇಕಾಗುತ್ತದೆ, ಅಷ್ಟು ಹೊತ್ತು ಆ ಕಣ್ಣು ಹೊರಗಿನ ಆಕಾಶದಿಂದಲೂ ಇತರ ಮಾಪಕಗಳಿಂದಲೂ ದೂರವಿರುತ್ತದೆ.

ಕಂಪನಕ್ಕೆ ಇನ್ನೊಂದು ತೊಡಕೂ ಇದೆ. ನಮ್ಮ ಚರ್ಮದ ಆಳದಲ್ಲಿರುವ ಕಂಪನಗ್ರಾಹಿಗಳು ಸೆಕೆಂಡಿಗೆ ಸುಮಾರು 250 ಸಲದ ನಡುಕವನ್ನು ಎಲ್ಲಕ್ಕಿಂತ ಚೆನ್ನಾಗಿ ಗುರುತಿಸುತ್ತವೆ. ಫೋನಿನ ಕಂಪನವನ್ನೂ ಬಹುಮಟ್ಟಿಗೆ ಆ ಆಸುಪಾಸಿನಲ್ಲಿಯೇ ಹೊಂದಿಸಿರುತ್ತಾರೆ. ಆದರೆ ವಿಮಾನವೇ ನಡುಗುತ್ತಿದ್ದು, ಪೈಲಟ್ ಕೈಗವಸು ಹಾಕಿಕೊಂಡಿದ್ದರೆ, ಆ ಸೂಕ್ಷ್ಮ ಸಂಕೇತ ಸುಲಭವಾಗಿ ಮುಳುಗಿಹೋಗುತ್ತದೆ. ಮೇ ತಿಂಗಳ ಮಧ್ಯಾಹ್ನ ಕಲಬುರಗಿ ಸೀಮೆಯ ಎರೆಭೂಮಿ ಕಾದು ಬಿಸಿಗಾಳಿ ಮೇಲೇಳುವಾಗ ವಿಮಾನ ಇಳಿಯುತ್ತಿದೆ ಎಂದುಕೊಳ್ಳಿ. ಆ ಕುಲುಕಾಟದಲ್ಲಿ ಚಾಚಿದ ತೋಳು ಒಂದು ಕಡೆ, ಪರದೆ ಇನ್ನೊಂದು ಕಡೆ ಅಲುಗಾಡಿ, ಬೆರಳು ಪಕ್ಕದ ಚೌಕದ ಮೇಲೆ ಬೀಳುತ್ತದೆ. ತಪ್ಪು ಚೌಕವನ್ನು ಒತ್ತಿದ ಮೇಲೂ ಪರದೆ ಕಂಪಿಸುತ್ತದೆ ಎಂಬುದನ್ನು ಮರೆಯಬಾರದು.

ಇಲ್ಲಿ ಬಲದಿಂದ ಉಪಯೋಗವಿದೆ. ಪರದೆಯನ್ನೇ ಮುಟ್ಟುವ ಬದಲು, ಕೈ ಊರಲು ಆಸರೆಯಿರುವ ಒಂದು ನಾಬ್ ಅಥವಾ ಸಣ್ಣ ದಂಡದಿಂದ ಪರದೆಯ ಮೇಲಿನ ಕರ್ಸರನ್ನು ಓಡಿಸುವ ವ್ಯವಸ್ಥೆಯಲ್ಲಿ, ಅದರೊಳಗೆ ಪುಟ್ಟ ಮೋಟಾರುಗಳನ್ನು ಇಡಬಹುದು. ಕರ್ಸರ್ ಒಂದು ಆಯ್ಕೆಯ ಸಮೀಪಕ್ಕೆ ಬಂದಾಗ ಮೋಟಾರು ಕೈಯನ್ನು ತುಸುವೇ ಅತ್ತ ಸೆಳೆಯುತ್ತದೆ, ತಗ್ಗಿಗೆ ಉರುಳಿದ ಗೋಲಿಯಂತೆ ಕರ್ಸರ್ ಅಲ್ಲಿ ನೆಲೆ ನಿಲ್ಲುತ್ತದೆ. ಪಟ್ಟಿ ಮುಗಿದಲ್ಲಿ ಗೋಡೆ ತಾಗಿದಂತೆ ತಡೆಯುತ್ತದೆ. ಚಿತ್ರಕ್ಕೆ ಸೆಕೆಂಡಿಗೆ 60 ಸಲ ಬದಲಾದರೆ ಸಾಕಾಗುತ್ತದೆ. ಆದರೆ ಗಟ್ಟಿ ಗೋಡೆಯ ಅನುಭವ ಬರಬೇಕಾದರೆ ಬಲವನ್ನು ಸೆಕೆಂಡಿಗೆ ಸುಮಾರು 1000 ಸಲ ಲೆಕ್ಕ ಹಾಕಬೇಕು; ಇಲ್ಲವಾದರೆ ಆ ಗೋಡೆ ಮೆತ್ತಗಾಗಿ ತಾನೇ ಅದುರತೊಡಗುತ್ತದೆ.

ಕೈಯ ಮೂಲಕ ಪೈಲಟ್‌ಗೆ ತಿಳಿಸುವ ವಿಚಾರ ಹೊಸದೇನಲ್ಲ. ರೆಕ್ಕೆಗಳು ಎತ್ತುವ ಶಕ್ತಿ ಕಳೆದುಕೊಳ್ಳುವ ಹಂತ ಸಮೀಪಿಸಿದರೆ ನಿಯಂತ್ರಣ ದಂಡವನ್ನೇ ಗಡಗಡ ನಡುಗಿಸುವ ‘ಸ್ಟಿಕ್ ಶೇಕರ್’ ದಶಕಗಳಿಂದ ಬಳಕೆಯಲ್ಲಿದೆ. ಸ್ಪರ್ಶದ ಸುದ್ದಿ ಸಿಗದಿದ್ದರೆ ಏನಾಗಬಹುದೆಂಬುದಕ್ಕೆ 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು 228 ಜನರು ಮಡಿದ ಏರ್ ಫ್ರಾನ್ಸ್ 447 ವಿಮಾನವನ್ನು ನೋವಿನಿಂದಲೇ ನೆನೆಯಬೇಕು. ಆ ಏರ್‌ಬಸ್ ಎ330ರ ಎರಡು ಸೈಡ್‌ಸ್ಟಿಕ್‌ಗಳು (ಪೈಲಟ್‌ಗಳ ಪಕ್ಕದಲ್ಲಿರುವ ನಿಯಂತ್ರಣ ದಂಡಗಳು) ಒಂದಕ್ಕೊಂದು ಜೋಡಣೆಯಾಗಿರಲಿಲ್ಲ. ಬಲಗಡೆಯ ಪೈಲಟ್ ದಂಡವನ್ನು ಹಿಂದಕ್ಕೆ ಎಳೆಯುತ್ತಿದ್ದರೂ ಎಡಗಡೆಯ ದಂಡ ಕದಲಲಿಲ್ಲ. ಅಪಘಾತಕ್ಕೆ ಹಿಮಗಟ್ಟಿದ ವೇಗಮಾಪಕ ನಳಿಕೆಗಳಿಂದ ಮೊದಲ್ಗೊಂಡು ಹಲವು ಕಾರಣಗಳಿದ್ದವು. ಆದರೂ ಪಕ್ಕದವನ ಕೈ ಮಾಡುತ್ತಿದ್ದುದು ತನ್ನ ಕೈಗೆ ತಿಳಿಯದೆ ಹೋದದ್ದು ಸಣ್ಣ ಮಾತಲ್ಲ. 2018ರಲ್ಲಿ ಪ್ರಮಾಣಪತ್ರ ಪಡೆದ ಗಲ್ಫ್‌ಸ್ಟ್ರೀಮ್ ಜಿ500 ಎಂಬ ಬಿಸಿನೆಸ್ ಜೆಟ್‌ನಲ್ಲಿ ಮೋಟಾರು ಅಳವಡಿಸಿದ ಸೈಡ್‌ಸ್ಟಿಕ್‌ಗಳಿದ್ದು, ಒಂದು ಅಲುಗಿದರೆ ಇನ್ನೊಂದೂ ಅಲುಗುತ್ತದೆ.

ನಕ್ಷೆ ನೋಡುವುದಕ್ಕೆ, ತಪಾಸಣಾ ಪಟ್ಟಿ ಓದುವುದಕ್ಕೆ ಟಚ್‌ಸ್ಕ್ರೀನ್ ಇರಲಿ. ಕುಲುಕಾಟದಲ್ಲಿಯೂ ಪರದೆಯತ್ತ ನೋಡದೆ ಮಾಡಬೇಕಾದ ಕೆಲಸಗಳಿಗೆ ಮಾತ್ರ ತಡೆಯೊಡ್ಡುವ ನಾಬು, ದಂಡಗಳನ್ನು ಉಳಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಹೀಗೆ ಕೈಯನ್ನು ಸೆಳೆಯುವ ಮೋಟಾರು ಕೆಟ್ಟು, ತಪ್ಪು ದಿಕ್ಕಿಗೆ ಎಳೆದರೆ ಗತಿಯೇನು?
– ಒಬ್ಬ ಓದುಗರು, ಯಾದಗಿರಿ

ಉತ್ತರ: ಈ ಭಯ ನ್ಯಾಯವಾದದ್ದು. ಅದಕ್ಕಾಗಿಯೇ ಮೋಟಾರಿನ ಬಲವನ್ನು ಪೈಲಟ್‌ನ ಕೈ ಮೀರಿಸಬಹುದಾದ ಮಿತಿಯೊಳಗೆ ಇಡಬೇಕು, ವಿದ್ಯುತ್ ಕಡಿತವಾದಾಗ ದಂಡ ಸಡಿಲಾಗಿ ಜೋಲು ಬೀಳದಂತೆ ಅದರಲ್ಲಿ ಸ್ಪ್ರಿಂಗ್ ಕೂಡ ಇರಬೇಕು. ಕರ್ಸರ್ ಯಾವ ಆಯ್ಕೆಯ ಮೇಲೆ ನಿಂತರೂ ಅದು ಜಾರಿಗೆ ಬರಲು ಪೈಲಟ್ ಪ್ರತ್ಯೇಕವಾಗಿ ಒಮ್ಮೆ ಒತ್ತಲೇಬೇಕು. ಸೆಳೆಯುವ ಕೆಲಸ ಮೋಟಾರಿನದು, ಒತ್ತುವ ಕೆಲಸ ಬೆರಳಿನದು.